ರಕ್ತದಲ್ಲಿ ಕ್ಯಾನ್ಸರಿನ ಸುಳಿವು: ಬೇಕಾದವರು ಯಾರು, ಕೊಳ್ಳುವವರು ಯಾರು?

(ಕಾರ್ಮಿಕರ ಅಧ್ಯಯನ ವರ್ಗದಲ್ಲಿ ಮಾಡಿದ ಭಾಷಣ)



ಇಂದಿನ ವರ್ಗಕ್ಕೆ ಗೊತ್ತುಮಾಡಿರುವ ವಿಷಯ ಇದು: ರಕ್ತ, ಮೂತ್ರ ಮೊದಲಾದ ದೇಹದ್ರವಗಳಲ್ಲಿರುವ ಕೆಲವು ಪ್ರೋಟೀನುಗಳನ್ನು ಅಳೆದು ಕ್ಯಾನ್ಸರ್ ರೋಗವನ್ನು ಪತ್ತೆಹಚ್ಚುವುದು, ಮತ್ತು ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಕಾಯುವುದು. ರೈತರು, ಬೀಡಿ ಕಟ್ಟುವವರು, ಪುರಸಭೆಯ ನೌಕರರು ಕೂತಿರುವ ಸಭೆಯಲ್ಲಿ ಇದೇನು ಪ್ರಯೋಗಶಾಲೆಯ ಮಾತು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.

ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಯಾವ ಜಿಲ್ಲಾ ಪಟ್ಟಣದಲ್ಲಾದರೂ ಸರಿ, ಆಸ್ಪತ್ರೆಯ ರಸ್ತೆಯಲ್ಲಿ ನಡೆದು ನೋಡಿ. ಸಾಲಾಗಿ ರಕ್ತಪರೀಕ್ಷೆಯ ಲ್ಯಾಬುಗಳಿವೆ. ಸಕ್ಕರೆ, ಥೈರಾಯಿಡ್, ಕೊಬ್ಬು ಇವುಗಳ ಪಟ್ಟಿಯ ಕೆಳಗೆ ಎಷ್ಟೋ ಕಡೆ 'ಟ್ಯೂಮರ್ ಮಾರ್ಕರ್' ಎಂಬ ಇನ್ನೊಂದು ಸಾಲು ಸೇರಿದೆ. ಪೂರ್ಣ ದೇಹದ ತಪಾಸಣೆ ಎಂಬ ಹೆಸರಿನಲ್ಲಿ, ಯಾವ ನೋವೂ ಇಲ್ಲದ, ಯಾವ ವೈದ್ಯರೂ ಕೇಳದ ಜನರಿಗೆ ಅದನ್ನು ಮಾರುತ್ತಾರೆ. ಮಗಳ ಮದುವೆಗೆಂದು ಕೂಡಿಟ್ಟ ದುಡ್ಡಿನಲ್ಲಿ ಒಂದಿಷ್ಟು ತೆಗೆದು, ಒಂದು ಸಲ ನೋಡಿಸಿಬಿಡೋಣ ಎಂದು ಹೋಗುವವರು ಬಡವರೇ. ಶ್ರೀಮಂತನಿಗೆ ವೈದ್ಯನೂ ಇದ್ದಾನೆ, ಸಲಹೆಯೂ ಇದೆ. ಬಡವನಿಗೆ ಇರುವುದು ಭಯ ಮಾತ್ರ. ಆ ಭಯವೇ ಈ ಅಂಗಡಿಯ ಬಂಡವಾಳ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪರೀಕ್ಷೆ ಸುಳ್ಳಲ್ಲ. ಕಳೆದ ಶತಮಾನದ ವೈದ್ಯಶಾಸ್ತ್ರದ ದೊಡ್ಡ ಗೆಲುವುಗಳಲ್ಲಿ ಕೆಲವು ಇದರಿಂದಲೇ ಬಂದಿವೆ. ಆದರೆ ಇದು ರೋಗ ಗೊತ್ತಾದವರಲ್ಲಿ ರೋಗವನ್ನು ತೂಗುವ ತಕ್ಕಡಿ. ಆರೋಗ್ಯವಂತರ ಊರಿಗೆ ಊರನ್ನೇ ಜಾಲಿಸಿ ರೋಗಿಗಳನ್ನು ಎತ್ತುವ ಬಲೆಯೆಂದು ಇದನ್ನು ಬೀಸಿದಾಗಲೆಲ್ಲ ಹೆಚ್ಚಾಗಿ ಕೈಗೆ ಬಂದಿರುವುದು ಕಸ. ತಕ್ಕಡಿ ಬೇಕಾದವರಿಗೆ ಅದು ಸಿಕ್ಕುವುದಿಲ್ಲ, ಬೇಡದವರಿಗೆ ಬಲೆಯೆಂದು ಮಾರಾಟವಾಗುತ್ತದೆ. ಇದು ಹೇಗಾಯಿತು ಎಂಬುದನ್ನು ತಮ್ಮ ಮುಂದೆ ಇಡುತ್ತೇನೆ.

ಲಂಡನ್ನಿನ ಒಂದು ಕೊಳವೆ ಮೂತ್ರ

ಕಥೆ 1845ರಲ್ಲಿ ಆರಂಭವಾಗುತ್ತದೆ. ಲಂಡನ್ನಿನಲ್ಲಿ ನಡುವಯಸ್ಸಿನ ಒಬ್ಬ ವ್ಯಾಪಾರಿಗೆ ಮೂಳೆ ಮೂಳೆಯಲ್ಲೂ ನೋವು. ಅವನನ್ನು ನೋಡುತ್ತಿದ್ದ ವೈದ್ಯರು ಮೂತ್ರವನ್ನು ಕಾಯಿಸಿ ನೋಡಿದರು. ಕೋಳಿಮೊಟ್ಟೆಯ ಬಿಳಿಯ ಲೋಳೆಯನ್ನು ಕಾಯಿಸಿದರೆ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಇದು ಮನೆಯಲ್ಲಿ ಎಲ್ಲರೂ ಕಂಡದ್ದೇ. ಈ ಮನುಷ್ಯನ ಮೂತ್ರದಲ್ಲಿದ್ದ ವಸ್ತುವಿನ ನಡತೆ ವಿಚಿತ್ರವಾಗಿತ್ತು. ಆಮ್ಲ ಹಾಕಿದಾಗ ಗಡ್ಡೆಕಟ್ಟಿದ್ದು ಕಾಯಿಸಿದರೆ ಕರಗಿ ತಿಳಿಯಾಗುತ್ತಿತ್ತು, ಆರಿದರೆ ಮತ್ತೆ ಗಟ್ಟಿಯಾಗುತ್ತಿತ್ತು. ಡಾಕ್ಟರ್ ಥಾಮಸ್ ವಾಟ್ಸನ್ ಒಂದು ಕೊಳವೆಯಲ್ಲಿ ಮೂತ್ರವನ್ನೂ ಒಂದು ಚೀಟಿಯನ್ನೂ ರಸಾಯನಶಾಸ್ತ್ರ ಬಲ್ಲ ವೈದ್ಯ ಹೆನ್ರಿ ಬೆನ್ಸ್ ಜೋನ್ಸರಿಗೆ ಕಳಿಸಿ, ಇದು ಏನು ಎಂದು ಕೇಳಿದರು.

ರೋಗಿ 1846ರ ಹೊಸ ವರ್ಷದ ದಿನ ತೀರಿಕೊಂಡ. ಬೆನ್ಸ್ ಜೋನ್ಸರು ತಮ್ಮ ಪರೀಕ್ಷೆಯ ಫಲವನ್ನು 1847ರಲ್ಲಿ ಪ್ರಕಟಿಸಿ, ಮೂಳೆ ಮೆತ್ತಗಾಗುವ ಇಂಥ ಬೇರೆ ರೋಗಿಗಳಲ್ಲೂ ಈ ವಸ್ತುವನ್ನು ಹುಡುಕಬೇಕೆಂದು ವೈದ್ಯರಿಗೆ ಹೇಳಿದರು. ದೇಹದ್ರವದಲ್ಲಿ ಕಂಡುಬಂದ ಕ್ಯಾನ್ಸರಿನ ಮೊದಲ ಗುರುತು ಪ್ರೋಟೀನು ಅದೇ. ಇಂದಿಗೂ ಅದಕ್ಕೆ ಅವರ ಹೆಸರೇ ಇದೆ.

'ಇದು ಏನು' ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. 1962ರಲ್ಲಿ ನ್ಯೂಯಾರ್ಕಿನ ಎಡೆಲ್ಮನ್ ಮತ್ತು ಗ್ಯಾಲಿ ಅದನ್ನು ಬಿಡಿಸಿದರು. ರೋಗಾಣುಗಳನ್ನು ಎದುರಿಸಲು ನಮ್ಮ ದೇಹ ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುತ್ತದೆ. ಅಸ್ಥಿಮಜ್ಜೆಯಲ್ಲಿರುವ ಒಂದು ಜಾತಿಯ ಜೀವಕೋಶಕ್ಕೆ ಕ್ಯಾನ್ಸರ್ ತಗುಲಿದಾಗ ಅದು ಲಗಾಮಿಲ್ಲದೆ ಪ್ರತಿಕಾಯದ ಒಂದು ತುಂಡನ್ನೇ ತಯಾರಿಸುತ್ತ ಹೋಗುತ್ತದೆ. ಆ ತುಂಡುಗಳು ರಕ್ತದಲ್ಲಿ ಹರಿದು, ಮೂತ್ರಪಿಂಡದ ಮೂಲಕ ಸೋರಿ ಹೊರಕ್ಕೆ ಬರುತ್ತವೆ. ಮಲ್ಟಿಪಲ್ ಮೈಲೋಮಾ ಎಂಬ ಆ ರೋಗದ ಚಿಕಿತ್ಸೆಯಲ್ಲಿ ವೈದ್ಯರು ಈಗಲೂ ಆ ತುಂಡನ್ನೇ ಅಳೆಯುತ್ತಾರೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಕ್ಯಾನ್ಸರ್ ಹೊರಗಿನಿಂದ ನುಗ್ಗಿದ ಶತ್ರುವಲ್ಲ, ನಮ್ಮ ದೇಹದ್ದೇ ಜೀವಕೋಶ ಹದ ತಪ್ಪಿದ್ದು. ಆದಕಾರಣ ಅದು ಸೋರಿಸುವ ಪ್ರೋಟೀನೂ ಸಾಮಾನ್ಯವಾಗಿ ಆರೋಗ್ಯವಂತ ದೇಹದಲ್ಲಿ ಎಲ್ಲೋ, ಯಾವಾಗಲೋ, ಸ್ವಲ್ಪವಾದರೂ ಇರುವಂಥದ್ದೇ. ಮುಂದೆ ಬರುವ ಎಲ್ಲ ತೊಡಕುಗಳ ಬೇರು ಇಲ್ಲಿದೆ.

ಇದಕ್ಕೆ ಒಳ್ಳೆಯ ಉದಾಹರಣೆ ಎರಡು. 1963ರಲ್ಲಿ ಮಾಸ್ಕೋದ ಗ್ಯಾರಿ ಅಬೆಲೆವ್, ಹುಟ್ಟುವ ಮುಂಚೆ ಭ್ರೂಣದಲ್ಲಿ ಮಾತ್ರ ಹೇರಳವಾಗಿರುವ ಒಂದು ಪ್ರೋಟೀನನ್ನು ಲಿವರ್ ಕ್ಯಾನ್ಸರ್ ಇದ್ದ ಇಲಿಗಳ ರಕ್ತದಲ್ಲಿ ಕಂಡರು. ಮರುವರ್ಷ ಯೂರಿ ಟಟಾರಿನೋವ್ ಅದನ್ನು ಮನುಷ್ಯ ರೋಗಿಗಳಲ್ಲಿ ಕಂಡರು. ಅದರ ಹೆಸರು ಆಲ್ಫಾ ಫೀಟೋಪ್ರೋಟೀನ್. 1965ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್ಮನ್ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಅಂಥದೇ ಇನ್ನೊಂದನ್ನು ಕಂಡರು. ಲ್ಯಾಬಿನವರು ಅದನ್ನು ಸಿ.ಇ.ಎ. ಎನ್ನುತ್ತಾರೆ. ಕೂಸು ಹುಟ್ಟಿದ ಮೇಲೆ ಮುಚ್ಚಿದ್ದ ಕಾರ್ಖಾನೆಯನ್ನು ಕ್ಯಾನ್ಸರ್ ಮತ್ತೆ ತೆರೆದ ಹಾಗೆ. ಆದರೆ ಆ ಕಾರ್ಖಾನೆ ಪೂರ್ತಿ ಬೀಗ ಹಾಕಿದ್ದಲ್ಲ. ಬೀಡಿ, ಸಿಗರೇಟು ಸೇದುವವರ ರಕ್ತದಲ್ಲಿ ಸಿ.ಇ.ಎ. ತುಸು ಹೆಚ್ಚೇ ಇರುತ್ತದೆ. ಗರ್ಭಿಣಿಯ ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್ ಏರುತ್ತದೆ.

ಅಳೆಯುವುದನ್ನು ಕಲಿಸಿದವರು

ಈ ಪ್ರೋಟೀನುಗಳು ರಕ್ತದಲ್ಲಿರುವ ಪ್ರಮಾಣ ಬಹಳ ಕಡಮೆ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅಂಥ ನಾಲ್ಕೈದು ಪಾಲು ಒಂದು ಮಿಲಿಲೀಟರ್ ರಕ್ತದಲ್ಲಿ ಇದ್ದರೆ ಅದನ್ನು ಅಳೆಯಬೇಕು. ಬೆಂಕಿಯಲ್ಲಿ ಕಾಯಿಸಿ, ಆಮ್ಲ ಹಾಕಿ ನೋಡುವುದರಿಂದ ಇದು ಆಗುವ ಕೆಲಸವಲ್ಲ.

ದಾರಿ ತೋರಿಸಿದವರು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ, ಮಾಜಿ ಸೈನಿಕರಿಗಾಗಿ ಸರ್ಕಾರ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್. ಮಂದೆಯಲ್ಲಿ ನೂರು ಕರುಗಳಿದ್ದರೂ ಹಸು ತನ್ನ ಕರುವನ್ನೇ ಹುಡುಕಿಕೊಂಡು ಹೋಗುವಂತೆ, ಒಂದೊಂದು ಪ್ರತಿಕಾಯವೂ ತನಗೆ ತಕ್ಕ ಪ್ರೋಟೀನನ್ನೇ ಹಿಡಿಯುತ್ತದೆ. ಅಳೆಯಬೇಕಾದ ಪ್ರೋಟೀನಿಗೆ ವಿಕಿರಣದ ಗುರುತು ಹಚ್ಚಿ ಗೊತ್ತಿದ್ದ ಪ್ರಮಾಣದಲ್ಲಿ ಪ್ರತಿಕಾಯದ ಜೊತೆ ಬಿಟ್ಟು, ಅದಕ್ಕೆ ರೋಗಿಯ ರಕ್ತದ ಅಂಶವನ್ನು ಸೇರಿಸಿದರು. ರಕ್ತದಲ್ಲಿ ಆ ಪ್ರೋಟೀನು ಎಷ್ಟು ಹೆಚ್ಚಿದೆಯೋ ಅಷ್ಟು ಗುರುತಿನ ಪ್ರೋಟೀನು ಪ್ರತಿಕಾಯದಿಂದ ಹೊರಗೆ ಉಳಿಯುತ್ತದೆ. ಉಳಿದದ್ದನ್ನು ಎಣಿಸಿದರೆ ಲೆಕ್ಕ ಸಿಕ್ಕಿತು. 1960ರ ಹೊತ್ತಿಗೆ ಮನುಷ್ಯರ ರಕ್ತದಲ್ಲಿನ ಇನ್ಸುಲಿನ್ನನ್ನು ಅವರು ಹೀಗೆ ಅಳೆದು ತೋರಿಸಿದರು. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರಲ್ಲಿ ಯಾಲೋ ಅವರಿಗೆ ನೊಬೆಲ್ ಬಹುಮಾನ ಬಂತು.

1971ರಲ್ಲಿ ಸ್ಟಾಕ್‌ಹೋಮಿನ ಈವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ವಿಕಿರಣದ ಬದಲು ಬಣ್ಣ ಬರುವ ವಿಧಾನವನ್ನು ಪ್ರಕಟಿಸಿದರು. ಅದೇ ಇಂದಿನ ಎಲೈಸಾ. 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಸರ್ಕಾರಿ ಪ್ರಯೋಗಶಾಲೆಯಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್, ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸುವ ಉಪಾಯವನ್ನು ಕಂಡುಹಿಡಿದರು.

ಒಂದು ಸಂಗತಿಯನ್ನು ನಾನು ಈ ವರ್ಗದಲ್ಲಿ ಹೇಳಲೇಬೇಕು. ಯಾಲೋ ಮತ್ತು ಬರ್ಸನ್ ತಮ್ಮ ವಿಧಾನಕ್ಕೆ ಪೇಟೆಂಟು ಪಡೆಯಲಿಲ್ಲ. ಕೋಲರ್ ಮತ್ತು ಮಿಲ್‌ಸ್ಟೈನರ ಉಪಾಯಕ್ಕೂ ಪೇಟೆಂಟು ಇರಲಿಲ್ಲ. ಜನರ ತೆರಿಗೆಯ ಹಣದಿಂದ ನಡೆದ ಆಸ್ಪತ್ರೆಯಲ್ಲಿ, ಪ್ರಯೋಗಶಾಲೆಯಲ್ಲಿ ಹುಟ್ಟಿದ ವಿದ್ಯೆಯಿದು. ಲೋಕದ ಸೊತ್ತಾಗಿ ಬಂದ ವಿದ್ಯೆ ಇಂದು ಪೊಟ್ಟಣ ಕಟ್ಟಿ ಬೆಲೆ ಅಂಟಿಸಿ ನಮ್ಮ ಮುಂದೆ ಬಂದು ಕೂತಿದೆ.

ಸಂಖ್ಯೆ ಜೀವ ಉಳಿಸಿದ ಕಡೆ

ಈಗ ಗೆಲುವಿನ ಕಥೆ. ಗರ್ಭ ಕಟ್ಟುವಾಗ ಕೆಲವು ಸಲ ಕೂಸಿನ ಬದಲು ಮಾಸು ಮಾತ್ರ ದ್ರಾಕ್ಷಿಯ ಗೊಂಚಲಿನಂತೆ ಗುಳ್ಳೆಗುಳ್ಳೆಯಾಗಿ ಬೆಳೆಯುವುದುಂಟು. ಅದನ್ನು ತೆಗೆದುಹಾಕಿದರೆ ಹೆಚ್ಚಿನ ಹೆಂಗಸರಿಗೆ ಗುಣವಾಗುತ್ತದೆ. ಕೆಲವರಲ್ಲಿ ಅದರ ಅಂಶ ಉಳಿದು ಕ್ಯಾನ್ಸರಾಗಿ ಶ್ವಾಸಕೋಶಕ್ಕೆ, ಮಿದುಳಿಗೆ ಹಬ್ಬುತ್ತದೆ. ಒಂದು ಕಾಲದಲ್ಲಿ ಹೀಗೆ ಹಬ್ಬಿತೆಂದರೆ ಆ ತಾಯಿಯ ಆಸೆ ಬಿಡಬೇಕಾಗಿತ್ತು.

ಈ ರೋಗಕ್ಕೆ ಒಂದು ಅನುಕೂಲವಿದೆ. ಅದರ ಜೀವಕೋಶಗಳು ಎಚ್.ಸಿ.ಜಿ. ಎಂಬ ಪ್ರೋಟೀನನ್ನು ಸೋರಿಸುತ್ತವೆ. ಮುಟ್ಟು ನಿಂತಾಗ ಔಷಧದ ಅಂಗಡಿಯಿಂದ ತಂದ ಪಟ್ಟಿಯಲ್ಲಿ ಎರಡು ಗೆರೆ ಮೂಡಿಸುವುದು ಇದೇ. 1956ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ, ಚೀನಾದಲ್ಲಿ ಹುಟ್ಟಿದ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಸ್ ಎಂಬ ವೈದ್ಯರು ಮೆಥೊಟ್ರೆಕ್ಸೇಟ್ ಎಂಬ ಔಷಧ ಕೊಟ್ಟಾಗ ಶ್ವಾಸಕೋಶದ ಗಂತಿಗಳು ಕರಗಿಹೋದವು. ಎಕ್ಸ್-ರೇ ಶುಭ್ರವಾಯಿತು. ಎಲ್ಲರೂ ಗೆದ್ದೆವೆಂದರು. ಲೀ ಮಾತ್ರ ಮೂತ್ರದಲ್ಲಿ ಎಚ್.ಸಿ.ಜಿ. ಇನ್ನೂ ಉಳಿದಿದೆ ಎಂದು ನೋಡಿ, ಅದು ಪೂರ್ತಿ ಇಲ್ಲವಾಗುವವರೆಗೆ ಔಷಧ ನಿಲ್ಲಿಸಲು ಒಪ್ಪಲಿಲ್ಲ. ಕಣ್ಣಿಗೆ ಕಾಣದ ರೋಗಕ್ಕೆ ವಿಷದಂಥ ಔಷಧ ಕೊಡುವುದೇ ಎಂದು ಮೇಲಿನವರು ಆಕ್ಷೇಪಿಸಿದರು. ಲೀ ಆ ಸಂಸ್ಥೆಯನ್ನು ಬಿಡಬೇಕಾಯಿತು. ಕಾಲ ಕಳೆದಂತೆ ಸತ್ಯ ಹೊರಬಿತ್ತು: ಔಷಧವನ್ನು ಬೇಗ ನಿಲ್ಲಿಸಿದವರಲ್ಲಿ ರೋಗ ಮರುಕಳಿಸಿತು, ಲೀ ಹೇಳಿದಂತೆ ಸೊನ್ನೆಗೆ ಇಳಿಯುವವರೆಗೆ ಪಡೆದವರು ಬದುಕಿದರು. 1972ರಲ್ಲಿ ಲೀ ಮತ್ತು ಹರ್ಟ್ಸ್ ಅವರಿಗೆ ಲಾಸ್ಕರ್ ಪ್ರಶಸ್ತಿಯ ಗೌರವ ಸಂದಿತು.

ಅಮೆರಿಕದಲ್ಲಿ ಕಂಡುಹಿಡಿದ ಈ ವಿದ್ಯೆಯನ್ನು ಒಂದು ದೇಶದ ಎಲ್ಲ ಹೆಂಗಸರಿಗೂ ಹೇಗೆ ಮುಟ್ಟಿಸಬೇಕೆಂಬುದನ್ನು ತೋರಿಸಿದ್ದು ಬ್ರಿಟನ್ನು. 1973ರಿಂದ ಅಲ್ಲಿ ಇಂಥ ಗರ್ಭ ಕಂಡುಬಂದ ಹೆಂಗಸರ ಹೆಸರನ್ನು ದಾಖಲು ಮಾಡುವ ಏರ್ಪಾಡು ಇದೆ. ಲಂಡನ್, ಶೆಫೀಲ್ಡ್, ಡಂಡೀ ಈ ಮೂರು ಊರುಗಳಲ್ಲಿ ಕೇಂದ್ರಗಳು. ಹೆಂಗಸು ಊರು ಬಿಟ್ಟು ಓಡಾಡಬೇಕಾಗಿಲ್ಲ. ಗೊತ್ತಾದ ದಿನ ಮೂತ್ರದ ಅಥವಾ ರಕ್ತದ ಮಾದರಿ ಅಂಚೆಯಲ್ಲಿ ಕೇಂದ್ರಕ್ಕೆ ಹೋಗುತ್ತದೆ. ಸಂಖ್ಯೆ ಇಳಿಯುತ್ತಿದ್ದರೆ ಸರಿ. ನಿಂತರೆ ಅಥವಾ ಏರಿದರೆ ಕರೆ ಬರುತ್ತದೆ, ಹಾಸಿಗೆ ಸಿದ್ಧವಿರುತ್ತದೆ, ಚಿಕಿತ್ಸೆಗೆ ಹಣ ಕೊಡಬೇಕಾಗಿಲ್ಲ. ಹೀಗೆ ಕಾದು ನೋಡಿ ಚಿಕಿತ್ಸೆ ಪಡೆದವರು ಹೆಚ್ಚುಕಡಮೆ ಎಲ್ಲರೂ ಗುಣವಾಗುತ್ತಾರೆ. ಬಹಳ ಮಂದಿ ಮತ್ತೆ ತಾಯಂದಿರೂ ಆಗುತ್ತಾರೆ.

ಇದರಲ್ಲಿ ಯಂತ್ರ ಎಷ್ಟು, ಏರ್ಪಾಡು ಎಷ್ಟು? ಯಂತ್ರ ಒಂದು ಪಾಲು. ಹೆಸರಿನ ಪಟ್ಟಿ, ಅಂಚೆಯ ಚೀಲ, ತಾರೀಖು ತಪ್ಪಿದರೆ ವಿಚಾರಿಸುವ ಗುಮಾಸ್ತೆ, ಕಾದಿರಿಸಿದ ಹಾಸಿಗೆ, ಕೇಳದ ಶುಲ್ಕ ಇವು ಉಳಿದ ಮೂರು ಪಾಲು.

ಯುವಕರಿಗೆ ಬರುವ ವೃಷಣದ ಕ್ಯಾನ್ಸರಿನಲ್ಲೂ ಹೀಗೆಯೇ. ಶಸ್ತ್ರಚಿಕಿತ್ಸೆಯಾದ ಮೇಲೆ ರಕ್ತದಲ್ಲಿ ಎಚ್.ಸಿ.ಜಿ. ಒಂದೆರಡು ದಿನಕ್ಕೊಮ್ಮೆ, ಆಲ್ಫಾ ಫೀಟೋಪ್ರೋಟೀನ್ ಐದರಿಂದ ಏಳು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತ ಹೋಗಬೇಕು. ಇಳಿಯದಿದ್ದರೆ ರೋಗ ಒಳಗೆ ಇನ್ನೂ ಉಳಿದಿದೆ ಎಂದು ಅರ್ಥ. ಆಗ ಕೊಡಲು ಸಿಸ್‌ಪ್ಲಾಟಿನ್ ಎಂಬ ಔಷಧವಿದೆ. 1970ರ ದಶಕದಿಂದ ಅದು ಹಬ್ಬಿದ ರೋಗವನ್ನೂ ಗುಣಪಡಿಸುತ್ತ ಬಂದಿದೆ. ಥೈರಾಯಿಡ್ ಗ್ರಂಥಿಯನ್ನು ತೆಗೆದ ಮೇಲೆ ಥೈರೋಗ್ಲಾಬ್ಯುಲಿನ್ನನ್ನು, ಕರುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಸಿ.ಇ.ಎ.ಯನ್ನು ನೋಡುವುದೂ ಇದೇ ಬಗೆಯ ಕಾವಲು. ಎಲ್ಲ ಕಡೆಯೂ ರೋಗ ಯಾವುದೆಂದು ಮೊದಲೇ ಗೊತ್ತು, ಸಂಖ್ಯೆ ಹೇಳಿದ ಮೇಲೆ ಮಾಡಬೇಕಾದ ಕೆಲಸವೂ ಗೊತ್ತು.

ಆರೋಗ್ಯವಂತರ ಮೇಲೆ ಬೀಸಿದ ಬಲೆ

ಇನ್ನೊಂದು ಮುಖ ನೋಡೋಣ. 1981ರಲ್ಲಿ ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರಿನಲ್ಲಿ ಏರುವ ಸಿ.ಎ.-125 ಎಂಬ ಗುರುತನ್ನು ಹಿಡಿಯುವ ಪ್ರತಿಕಾಯವನ್ನು ತಯಾರಿಸಿದರು. ರೋಗವಿದ್ದವರ ಚಿಕಿತ್ಸೆಯನ್ನು ಗಮನಿಸಲು ಅದು ಉಪಯುಕ್ತವೆಂದು ಕಂಡಿತು. ಅಂಡಾಶಯದ ಕ್ಯಾನ್ಸರ್ ಸದ್ದಿಲ್ಲದೆ ಬೆಳೆಯುವ ರೋಗ. ಹಾಗಾದರೆ ಎಲ್ಲ ಹೆಂಗಸರ ರಕ್ತವನ್ನೂ ನೋಡಿ ಮುಂಚೆಯೇ ಹಿಡಿಯಬಾರದೇಕೆ? ಆಸೆ ನ್ಯಾಯವಾದದ್ದೇ. ಲೆಕ್ಕ ಬೇರೆ ಹೇಳುತ್ತದೆ.

ಐವತ್ತು ದಾಟಿದ ಒಂದು ಲಕ್ಷ ಹೆಂಗಸರಿದ್ದಾರೆ, ಅವರಲ್ಲಿ 40 ಮಂದಿಗೆ ಈ ರೋಗವಿದೆ ಎಂದು ಇಟ್ಟುಕೊಳ್ಳಿ. ಪರೀಕ್ಷೆ ಒಳ್ಳೆಯದೇ ಇದ್ದು 40ರಲ್ಲಿ 32 ಮಂದಿಯನ್ನು ಹಿಡಿಯಿತು ಎನ್ನಿ. ರೋಗವಿಲ್ಲದವರಲ್ಲಿ ನೂರಕ್ಕೆ ಇಬ್ಬರಲ್ಲಿ ಮಾತ್ರ ತಪ್ಪಾಗಿ ಹೆಚ್ಚು ತೋರಿಸಿತು ಎನ್ನಿ. ನೂರಕ್ಕೆ ಎರಡು ಎಂದರೆ ಕಡಮೆಯೆಂದು ಕಾಣುತ್ತದೆ. ಆದರೆ ಲಕ್ಷಕ್ಕೆ ಅದು 2,000. ನಿಮಗೆ ಕ್ಯಾನ್ಸರ್ ಇರಬಹುದು ಎಂಬ ಚೀಟಿ ಹಿಡಿದು ಮನೆಗೆ ಹೋಗುವ ಅರವತ್ತಕ್ಕೂ ಹೆಚ್ಚು ಹೆಂಗಸರಲ್ಲಿ ರೋಗವಿರುವುದು ಒಬ್ಬಳಿಗೆ. ಉಳಿದವರ ರಾತ್ರಿಯ ನಿದ್ದೆಗೆ ಬೆಲೆ ಕಟ್ಟುವವರು ಯಾರು? ಇತ್ತ ಪರೀಕ್ಷೆಗೆ ಸಿಕ್ಕದ ಎಂಟು ಮಂದಿ, ನಮಗೇನೂ ಇಲ್ಲವಂತೆ ಎಂದು ಹೊಟ್ಟೆ ಉಬ್ಬರವನ್ನು ಸಹಿಸಿಕೊಂಡು ಕೂರುತ್ತಾರೆ. ನಿಜಕ್ಕೂ ರೋಗ ಮೊದಲ ಹಂತದಲ್ಲಿರುವಾಗ ಸಿ.ಎ.-125 ಏರುವುದು ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ.

ತಪ್ಪಾಗಿ ಏರುವುದೇಕೆ? ಮುಟ್ಟಿನ ದಿನಗಳಲ್ಲಿ ಏರುತ್ತದೆ, ಬಸಿರಿನಲ್ಲಿ ಏರುತ್ತದೆ, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದಾಗ ಏರುತ್ತದೆ. ನಮ್ಮ ದೇಶದವರು ಮುಖ್ಯವಾಗಿ ತಿಳಿಯಬೇಕಾದದ್ದು, ಹೊಟ್ಟೆಯ ಕ್ಷಯರೋಗದಲ್ಲೂ ಅದು ಬಹಳ ಏರುತ್ತದೆ. ಹೊಟ್ಟೆಯಲ್ಲಿ ನೀರು, ಮೈ ಬಡಕಲು, ಸಿ.ಎ.-125 ಸಾಮಾನ್ಯದ ಮಿತಿಯಾದ 35ನ್ನು ದಾಟಿ ನೂರಾರು: ಇಷ್ಟನ್ನೇ ನೋಡಿ ಕ್ಯಾನ್ಸರೆಂದು ಹೊಟ್ಟೆ ಕೊಯ್ದು, ಒಳಗೆ ಕ್ಷಯ ಕಂಡ ಪ್ರಸಂಗಗಳನ್ನು ವೈದ್ಯರೇ ಎಷ್ಟೋ ಸಲ ತಮ್ಮ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ. ಕೆಲವು ತಿಂಗಳ ಮಾತ್ರೆಯಲ್ಲಿ ಗುಣವಾಗುವ, ಸರ್ಕಾರ ಪುಕ್ಕಟೆ ಔಷಧ ಕೊಡುವ ರೋಗಕ್ಕೆ ಕತ್ತಿ!

ಇದು ಬರಿಯ ತರ್ಕವಲ್ಲ. ಅಮೆರಿಕದಲ್ಲಿ 78,216 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷ ವರ್ಷವೂ ಸಿ.ಎ.-125 ಮತ್ತು ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿದರು. ಫಲ 2011ರಲ್ಲಿ ಪ್ರಕಟವಾಯಿತು. ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 118, ಇನ್ನೊಂದರಲ್ಲಿ 100. ಅಂದರೆ ಸಾವು ಕಡಮೆಯಾಗಲಿಲ್ಲ. ರೋಗವಿಲ್ಲದೆಯೂ ಇದೆಯೆಂದು ಹೇಳಿಸಿಕೊಂಡವರು 3,285 ಮಂದಿ. ಅವರಲ್ಲಿ 1,080 ಮಂದಿಗೆ ಶಸ್ತ್ರಚಿಕಿತ್ಸೆಯೇ ಆಯಿತು. ಅದರಿಂದ 163 ಮಂದಿಗೆ ಗಂಭೀರವಾದ ತೊಂದರೆಯಾಯಿತು. ಬ್ರಿಟನ್ನಿನಲ್ಲಿ ಎರಡು ಲಕ್ಷ ಹೆಂಗಸರ ಮೇಲೆ ಇನ್ನೂ ಜಾಣತನದಿಂದ, ಒಂದೇ ಸಂಖ್ಯೆಯನ್ನು ನಂಬದೆ ವರ್ಷದಿಂದ ವರ್ಷಕ್ಕೆ ಆಗುವ ಏರಿಕೆಯನ್ನು ಗಮನಿಸಿ ನೋಡಿದರು. 2021ರಲ್ಲಿ ಬಂದ ಕೊನೆಯ ವರದಿಯ ಪ್ರಕಾರ ರೋಗ ಮೊದಲ ಹಂತದಲ್ಲೇ ಸಿಕ್ಕಿದ ಪ್ರಸಂಗಗಳು ಹೆಚ್ಚಿದವು, ಸಾವು ಮಾತ್ರ ಕಡಮೆಯಾಗಲಿಲ್ಲ. ಮುಂಚೆ ಹಿಡಿದರೆ ಉಳಿಯುತ್ತಾರೆ ಎಂಬ ಮಾತು ಎಲ್ಲ ಕ್ಯಾನ್ಸರಿಗೂ ತಾನಾಗಿ ಹೊಂದುವುದಿಲ್ಲವೆಂದು ಇದರಿಂದ ತಿಳಿಯುತ್ತದೆ.

ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಪಿ.ಎಸ್.ಎ. ಪರೀಕ್ಷೆಯದೂ ಇಂಥದೇ ಕಥೆ. ವಯಸ್ಸಾದಂತೆ ಆ ಗ್ರಂಥಿ ಸುಮ್ಮನೆ ದಪ್ಪವಾದರೂ, ಅದಕ್ಕೆ ಸೋಂಕು ತಗುಲಿದರೂ ಸಂಖ್ಯೆ ಏರುತ್ತದೆ. ಅಮೆರಿಕದ ಔಷಧ ಆಡಳಿತ 1986ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟದ್ದು ರೋಗವಿದ್ದವರನ್ನು ಗಮನಿಸಲು. 1994ರಲ್ಲಿ ಪತ್ತೆಹಚ್ಚಲೂ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಲಕ್ಷಾಂತರ ಗಂಡಸರು ಪರೀಕ್ಷೆ ಮಾಡಿಸಿಕೊಂಡರು. ಪ್ರಾಸ್ಟೇಟಿನಲ್ಲಿ ಬಹಳ ನಿಧಾನವಾಗಿ ಬೆಳೆದು, ಮನುಷ್ಯನ ಆಯುಸ್ಸು ಮುಗಿದರೂ ತೊಂದರೆ ಕೊಡದ ಕ್ಯಾನ್ಸರುಗಳು ಬೇಕಾದಷ್ಟಿವೆ. ಅವೆಲ್ಲ ಬಲೆಗೆ ಬಿದ್ದವು. ಚಿಕಿತ್ಸೆಯಿಂದ ಮೂತ್ರ ಹಿಡಿತ ತಪ್ಪಿ, ಪುರುಷತ್ವ ಹೋಗಿ ಬಳಲಿದವರು ಅಸಂಖ್ಯ. 1970ರಲ್ಲಿ ಪ್ರಾಸ್ಟೇಟಿನ ಪ್ರತಿಜನಕದ ಬಗ್ಗೆ ಬರೆದ ರಿಚರ್ಡ್ ಅಬ್ಲಿನ್ ಅವರೇ 2010ರಲ್ಲಿ, ಸಾಮೂಹಿಕ ಪಿ.ಎಸ್.ಎ. ಪರೀಕ್ಷೆ ಜನಾರೋಗ್ಯಕ್ಕೆ ಒದಗಿದ ದೊಡ್ಡ ಕೇಡು ಎಂದು ಪತ್ರಿಕೆಯಲ್ಲಿ ಬರೆದರು. ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು: ಯೂರೋಪಿನ ದೊಡ್ಡ ಅಧ್ಯಯನದಲ್ಲಿ ಈ ಪರೀಕ್ಷೆಯಿಂದ ಆ ಕ್ಯಾನ್ಸರಿನ ಸಾವು ಸ್ವಲ್ಪ ಇಳಿದದ್ದುಂಟು. ಆದುದರಿಂದಲೇ 2012ರಲ್ಲಿ ಬೇಡವೆಂದಿದ್ದ ಅಮೆರಿಕದ ತಜ್ಞರ ಸಮಿತಿ, 2018ರಲ್ಲಿ 55ರಿಂದ 69ರ ವಯಸ್ಸಿನವರು ಲಾಭನಷ್ಟಗಳನ್ನು ವೈದ್ಯರೊಡನೆ ಮಾತಾಡಿ ತಾವೇ ತೀರ್ಮಾನಿಸಲಿ ಎಂದಿತು. ಮಾತಾಡಿ ತೀರ್ಮಾನಿಸುವುದು ಎಲ್ಲಿ, ರಿಯಾಯಿತಿಯ ಪ್ಯಾಕೇಜಿನಲ್ಲಿ ಸೇರಿಸಿ ಮಾರುವುದು ಎಲ್ಲಿ?

ರೋಗವಿದ್ದವರಲ್ಲಿ ಕೂಡ ಸಂಖ್ಯೆಯ ಬೆನ್ನುಹತ್ತುವುದಕ್ಕೆ ಒಂದು ಮಿತಿ ಇದೆ. ಅಂಡಾಶಯದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಸುಧಾರಿಸಿಕೊಂಡ ಹೆಂಗಸರಲ್ಲಿ ಕೆಲವರಿಗೆ ಸಿ.ಎ.-125 ಏರಿದ ಕೂಡಲೇ, ಕೆಲವರಿಗೆ ನೋವು ಮುಂತಾದ ಲಕ್ಷಣ ಕಂಡ ಮೇಲೆ ಮತ್ತೆ ಔಷಧ ಕೊಟ್ಟು ನೋಡಿದ ಯೂರೋಪಿನ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮುಂಚೆ ಶುರುಮಾಡಿದವರು ಹೆಚ್ಚು ದಿನ ಬದುಕಲಿಲ್ಲ. ನೆಮ್ಮದಿಯ ದಿನಗಳು ಮಾತ್ರ ಕಡಮೆಯಾದವು. ಸಂಖ್ಯೆ ತಿಳಿದ ಮೇಲೆ ಮಾಡಬಲ್ಲ ಒಳ್ಳೆಯ ಕೆಲಸ ಇದ್ದರೆ ಮಾತ್ರ ಸಂಖ್ಯೆ ತಿಳಿಯುವುದರಿಂದ ಲಾಭ. ಎಚ್.ಸಿ.ಜಿ.ಗೂ ಸಿ.ಎ.-125ಗೂ ಇರುವ ವ್ಯತ್ಯಾಸ ಇದೇ.

ಹೊಸ ಯಂತ್ರಗಳು ಬಂದಿವೆ, ಇನ್ನು ಮುಂದೆ ಹಾಗಲ್ಲ ಎನ್ನುವವರಿದ್ದಾರೆ. 2002ರಲ್ಲಿಯೂ ಹೀಗೆಯೇ ಅಂದರು. ಒಂದು ಹನಿ ರಕ್ತದಲ್ಲಿನ ಪ್ರೋಟೀನುಗಳ ವಿನ್ಯಾಸವನ್ನು ನೋಡಿ ಅಂಡಾಶಯದ ಕ್ಯಾನ್ಸರನ್ನು 50ಕ್ಕೆ 50 ಹಿಡಿದೆವೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಬಂತು. ಬೇರೆ ಗಣಿತಜ್ಞರು ಅದೇ ಅಂಕಿಗಳನ್ನು ಕೆದಕಿ ನೋಡಿದಾಗ, ಕಂಡ ವ್ಯತ್ಯಾಸಕ್ಕೆ ಯಂತ್ರವನ್ನು ನಡೆಸಿದ ರೀತಿಯೇ ಕಾರಣವಾಗಿರಬಹುದೆಂದು ತೋರಿತು. ಆ ಪರೀಕ್ಷೆ ಮಾರುಕಟ್ಟೆಗೆ ಬರಲಿಲ್ಲ. 2018ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಎಂಟು ಪ್ರೋಟೀನುಗಳನ್ನೂ ಕ್ಯಾನ್ಸರಿನ ಡಿ.ಎನ್.ಎ. ತುಣುಕುಗಳನ್ನೂ ಒಟ್ಟಿಗೆ ನೋಡುವ ಪರೀಕ್ಷೆಯನ್ನು 1,005 ರೋಗಿಗಳಲ್ಲಿ ನಡೆಸಿದರು. 812 ಆರೋಗ್ಯವಂತರಲ್ಲಿ ತಪ್ಪಾದದ್ದು 7 ಮಾತ್ರ. ಅದು ದೊಡ್ಡ ಸಾಧನೆಯೇ. ಆದರೆ ಮೊದಲ ಹಂತದ ರೋಗದಲ್ಲಿ ಹಿಡಿದದ್ದು ನೂರಕ್ಕೆ 43ರಷ್ಟು. ಸಂಶೋಧನೆ ನಡೆಯಲಿ, ನಡೆಯಬೇಕು. ಸಾವು ಕಡಮೆಯಾಗುತ್ತದೆಂದು ರುಜುವಾತಾಗುವ ಮುಂಚೆ ಬೀದಿಯಲ್ಲಿ ಮಾರುವುದು ಸಂಶೋಧನೆಯಲ್ಲ, ವ್ಯಾಪಾರ.

ನಮ್ಮ ಜಿಲ್ಲೆಯ ಲೆಕ್ಕ

ಈಗ ನಮ್ಮ ನಾಡಿಗೆ ಬರೋಣ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಸಂಸ್ಥೆ ಇದೆ. ಬೀದರಿನಿಂದ ಅಲ್ಲಿಗೆ ಸುಮಾರು 700 ಕಿಲೋಮೀಟರು. ಹಳ್ಳಿಯ ಒಬ್ಬ ಹೆಣ್ಣುಮಗಳಿಗೆ ದ್ರಾಕ್ಷಿಗೊಂಚಲಿನ ಗರ್ಭ ತೆಗೆದಿದ್ದಾರೆ ಎಂದಿಟ್ಟುಕೊಳ್ಳಿ. ಎಚ್.ಸಿ.ಜಿ. ಸಾಮಾನ್ಯಕ್ಕೆ ಇಳಿಯುವವರೆಗೆ ವಾರ ವಾರ, ಆಮೇಲೆ ಕೆಲವು ತಿಂಗಳು ತಿಂಗಳಿಗೊಮ್ಮೆ ಅವಳ ರಕ್ತ ನೋಡಬೇಕು. ಪರೀಕ್ಷೆ ತಾಲ್ಲೂಕಿನಲ್ಲೇ ಸಿಕ್ಕಿದರೆ ಸರಿ. ಸಿಕ್ಕದಿದ್ದರೆ ಒಂದು ದಿನದ ಕೂಲಿ ಅವಳದು, ಜೊತೆಗೆ ಬರುವ ಗಂಡನದು ಇನ್ನೊಂದು, ಬಸ್ಸಿನ ಚಾರ್ಜು, ಖಾಸಗಿ ಲ್ಯಾಬಿನ ಫೀಜು. ಎರಡು ವಾರ ಹೋಗುತ್ತಾಳೆ. ಮೂರನೆಯ ವಾರ ನಾಟಿಯ ಕೆಲಸ. ಮೈ ಹಗುರವಾಗಿದೆ, ನೋವಿಲ್ಲ, ಇನ್ನೇಕೆ ಹೋಗಬೇಕು ಎಂದು ಅತ್ತೆ ಕೇಳುತ್ತಾಳೆ. ಪೂರ್ತಿ ಗುಣವಾಗಬಹುದಾಗಿದ್ದ ಜೀವ ಅಲ್ಲಿ ಕೈತಪ್ಪುತ್ತದೆ. ಅದೇ ಸಮಯಕ್ಕೆ ಜಿಲ್ಲಾ ಪಟ್ಟಣದಲ್ಲಿ ಏನೂ ಇಲ್ಲದ ಇನ್ನೊಬ್ಬಳು, ಬೇಡದ ಸಿ.ಎ.-125ಕ್ಕೆ ದುಡ್ಡು ಕಟ್ಟಿ ಚೀಟಿಗಾಗಿ ಕಾದು ಕೂತಿರುತ್ತಾಳೆ.

ಆ ಚೀಟಿಯನ್ನೂ ಒಮ್ಮೆ ನೋಡಿ. ಅದು ಇಂಗ್ಲಿಷಿನಲ್ಲಿದೆ. ಸಂಖ್ಯೆಯ ಪಕ್ಕದಲ್ಲಿ ದಪ್ಪಕ್ಷರದ ಒಂದು ಗುರುತು. ಏರಿದೆ ಎಂದಷ್ಟೇ ಅದು ಹೇಳುತ್ತದೆ. ಏಕೆ ಏರಿರಬಹುದು, ಎಷ್ಟು ಜನರಲ್ಲಿ ಹೀಗೆ ಸುಮ್ಮನೆ ಏರುತ್ತದೆ, ಮುಂದೆ ಯಾರನ್ನು ಕಾಣಬೇಕು ಎಂದು ಹೇಳುವುದಿಲ್ಲ. ತನ್ನ ದೇಹದ ಸುದ್ದಿಯನ್ನು ಪರರ ಭಾಷೆಯಲ್ಲಿ ಓದಿಸಿಕೊಂಡು ತಿಳಿಯಬೇಕಾದವಳು ಪ್ರಶ್ನೆ ಕೇಳುವುದು ಹೇಗೆ?

ಕ್ಯಾನ್ಸರನ್ನು ಮುಂಚೆ ಹಿಡಿಯುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ರುಜುವಾತಾದ ದಾರಿಗಳು ನಮ್ಮ ದೇಶದಲ್ಲೇ ಇವೆ, ಅಗ್ಗವಾಗಿಯೂ ಇವೆ. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ನಡೆಸಿದ ಅಧ್ಯಯನದಲ್ಲಿ, ತರಬೇತಾದ ಆರೋಗ್ಯ ಕಾರ್ಯಕರ್ತೆಯರು ವಿನಿಗರಿನ ಅಂಶವಾದ ಅಸಿಟಿಕ್ ಆಮ್ಲವನ್ನು ಸವರಿ ಗರ್ಭಕೋಶದ ಕೊರಳನ್ನು ಬರಿಗಣ್ಣಿನಲ್ಲಿ ನೋಡಿದರು. ಆ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಇಳಿಯಿತೆಂದು 2014ರಲ್ಲಿ ಪ್ರಕಟವಾಯಿತು. ಕೇರಳದಲ್ಲಿ ತಂಬಾಕು, ಹೆಂಡದ ಅಭ್ಯಾಸವಿದ್ದವರ ಬಾಯಿಯನ್ನು ಕಾರ್ಯಕರ್ತರು ನೋಡಿ ಪರೀಕ್ಷಿಸಿದ್ದರಿಂದ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಇಳಿದದ್ದು 2005ರಲ್ಲಿ ಪ್ರಕಟವಾಯಿತು. ಎಲೆಅಡಿಕೆ, ತಂಬಾಕು ಹಾಕುವ ನಮ್ಮ ಜನರಿಗೆ ಕಣ್ಣು, ಒಂದು ಟಾರ್ಚು, ಕಲಿತ ಕೈ ಮಾಡುವಷ್ಟು ಉಪಕಾರವನ್ನು ಆ ಪ್ಯಾಕೇಜು ಮಾಡಲಾರದು. ಬಾಯಿ, ಮೊಲೆ, ಗರ್ಭಕೋಶದ ಕೊರಳು ಈ ಮೂರರ ತಪಾಸಣೆಗೆ 2016ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದೆ. ಅದು ನಮ್ಮ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಡೆಯುತ್ತಿದೆಯೇ ಎಂದು ಕೇಳುವ ಹಕ್ಕು ನಮಗಿದೆ.

ನಾವು ಒತ್ತಾಯಿಸಬೇಕಾದದ್ದು ನಾಲ್ಕು.

ಒಂದು: ಎಚ್.ಸಿ.ಜಿ., ಆಲ್ಫಾ ಫೀಟೋಪ್ರೋಟೀನ್ ಮುಂತಾಗಿ ಚಿಕಿತ್ಸೆಯ ದಾರಿಯನ್ನೇ ನಿರ್ಧರಿಸುವ ಪರೀಕ್ಷೆಗಳು, ವೈದ್ಯರು ಬರೆದುಕೊಟ್ಟ ರೋಗಿಗೆ ಜಿಲ್ಲಾಸ್ಪತ್ರೆಯಲ್ಲಿ ತಪ್ಪದೆ, ಪುಕ್ಕಟೆಯಾಗಿ ಸಿಕ್ಕಬೇಕು. ಅಗತ್ಯ ರೋಗಪರೀಕ್ಷೆಗಳ ರಾಷ್ಟ್ರೀಯ ಪಟ್ಟಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ ಹೊರತಂದಿದೆ. ಪಟ್ಟಿ ಗೋಡೆಗೆ ಅಂಟಿಸುವುದಕ್ಕಲ್ಲ.

ಎರಡು: ರೋಗಿ ಪ್ರಯಾಣ ಮಾಡುವ ಬದಲು ಮಾದರಿ ಪ್ರಯಾಣ ಮಾಡಲಿ. ರಕ್ತವನ್ನು ಆರೋಗ್ಯ ಕೇಂದ್ರದಲ್ಲೇ ತೆಗೆದು ಜಿಲ್ಲೆಗೆ ಕಳಿಸಲಿ. ತಾರೀಖು ತಪ್ಪಿದ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ವಿಚಾರಿಸಲಿ, ಆ ಕೆಲಸಕ್ಕೆ ಅವಳಿಗೆ ತಕ್ಕ ಸಂಬಳವೂ ಸಲ್ಲಲಿ.

ಮೂರು: ರೋಗಲಕ್ಷಣವಿಲ್ಲದವರಿಗೆ ವೈದ್ಯರ ಚೀಟಿಯಿಲ್ಲದೆ ಕ್ಯಾನ್ಸರ್ ಪತ್ತೆಯ ಹೆಸರಿನಲ್ಲಿ ಈ ಪರೀಕ್ಷೆಗಳ ಜಾಹೀರಾತು ಮಾಡುವುದು ನಿಲ್ಲಬೇಕು. ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ಕರ್ನಾಟಕದಲ್ಲಿ 2007ರ ಕಾಯಿದೆ ಇದೆ. ಅದನ್ನು ನಡೆಸುವವರು ಬೇಕು.

ನಾಲ್ಕು: ವರದಿ ಕನ್ನಡದಲ್ಲಿರಬೇಕು. ಸಂಖ್ಯೆಯ ಕೆಳಗೆ, ಇದೊಂದರಿಂದಲೇ ಕ್ಯಾನ್ಸರ್ ಇದೆಯೆಂದಾಗಲಿ ಇಲ್ಲವೆಂದಾಗಲಿ ತೀರ್ಮಾನಿಸಬಾರದು ಎಂಬ ಮಾತು ಓದಲು ಬರುವ ಅಕ್ಷರದಲ್ಲಿ ಇರಬೇಕು.

ಕೊನೆಯದಾಗಿ ನಿಮ್ಮ ನಿಮ್ಮ ಮನೆಗೆ ಒಂದು ಮಾತು. ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ ವೈದ್ಯರು ಈ ಪರೀಕ್ಷೆ ಬರೆದುಕೊಟ್ಟರೆ ಒಂದು ಸಲವೂ ತಪ್ಪಿಸಬೇಡಿ. ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ, ಹಳೆಯ ಚೀಟಿಗಳನ್ನೆಲ್ಲ ಜೋಪಾನವಾಗಿಡಿ, ಏಕೆಂದರೆ ಒಂದು ಸಂಖ್ಯೆಗಿಂತ ಸಂಖ್ಯೆಗಳ ಸಾಲು ಹೆಚ್ಚು ಹೇಳುತ್ತದೆ. ವಾಸಿಯಾಗದ ಹುಣ್ಣು, ಬೆಳೆಯುವ ಗಂಟು, ಅಕಾಲದ ರಕ್ತಸ್ರಾವ, ಕಾರಣವಿಲ್ಲದೆ ಇಳಿಯುವ ತೂಕ, ವಾರಗಟ್ಟಲೆ ಹೋಗದ ಹೊಟ್ಟೆ ಉಬ್ಬರ ಇವು ಕಂಡರೆ ಲ್ಯಾಬಿಗೆ ಹೋಗಬೇಡಿ, ವೈದ್ಯರ ಹತ್ತಿರ ಹೋಗಿ. ಏನೂ ಇಲ್ಲದಿರುವಾಗ ಯಾರಾದರೂ ಪ್ಯಾಕೇಜು ಮಾರಲು ಬಂದರೆ ಒಂದೇ ಪ್ರಶ್ನೆ ಕೇಳಿ: 'ಸಂಖ್ಯೆ ಹೆಚ್ಚು ಬಂದರೆ ಮುಂದೇನು ಮಾಡುತ್ತೀರಿ, ಅದರಿಂದ ನನ್ನ ಆಯುಸ್ಸು ಹೆಚ್ಚುತ್ತದೆಂದು ಎಲ್ಲಿ ರುಜುವಾತಾಗಿದೆ?' ಉತ್ತರ ಬಾರದಿದ್ದರೆ ಆ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ.